ಶಿಕಾರಿ ಮುತ್ಯಾನ ಉರುಲು

ಮೊನ್ನೆ ಗೊಬ್ಬೂರದಲ್ಲಿ ಅಫಜಲಪುರದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ತೊಗರಿ ಹೊಲದೊಳಗಿಂದ ಕೌಜುಗದ ಹಕ್ಕಿ ಕೂಗಿತು. ಯಾರನ್ನೋ ಜಗಳಕ್ಕೆ ಕರೆಯುವ ಹಾಗೆ, ಒಂದೇ ಸಮನೆ. ನನ್ನ ಕೈ ತಾನಾಗಿ ಬಾಯಿಯ ಹತ್ತಿರ ಹೋಯಿತು. ಸುತ್ತ ಜನ ಇದ್ದರು, ಇಳಿಸಿಕೊಂಡೆ. ಮೂಗಿಗೆ ಮಾತ್ರ ಮುತ್ಯಾನ ಕಂಬಳಿಯ ವಾಸನೆ, ಬೀಡಿ ಮತ್ತು ಕುದುರೆ ಕೂದಲಿನ ವಾಸನೆ, ಬಂದೇಬಿಟ್ಟಿತು.

ಈ ಊರಿನಾಚೆ ಹಳ್ಳದ ದಂಡೆಗೆ ನಮ್ಮ ಗುಡಿಸಲಿತ್ತು. ಮುತ್ಯಾ ನನ್ನ ಅಪ್ಪನ ಅಪ್ಪ. ಕುದುರೆ ಬಾಲದ ಕೂದಲನ್ನು ತೊಡೆಯ ಮೇಲೆ ಹೊಸೆದು ಸಣ್ಣ ಸಣ್ಣ ಉರುಲು ಕಟ್ಟಿ, ಬಿದಿರು ಕಡ್ಡಿಗಳಿಗೆ ಸಾಲಾಗಿ ಜೋಡಿಸುತ್ತಿದ್ದ. ಅವನ್ನು ತೊಗರಿ ಸಾಲಿನೊಳಗೆ ನೆಟ್ಟು, ಅಂಗೈ ಬಾಯಿಗೊಡ್ಡಿ ಕೌಜುಗದ ದನಿಯಲ್ಲಿ ಕೂಗುತ್ತಿದ್ದ. ನಿಜವಾದ ಹಕ್ಕಿ ಸಿಟ್ಟಿನಿಂದ ಓಡಿಬಂದು ಸಿಕ್ಕಿಬೀಳುತ್ತಿತ್ತು. ಹೆಣ್ಣು ಹಕ್ಕಿಯಾದರೆ ಬಿಟ್ಟುಬಿಡುತ್ತಿದ್ದ. “ಹೋಗ್ಬೇ, ಮಕ್ಕಳು ದಾರಿ ನೋಡಾಕತ್ತಾವ.” ಎಳೆದಷ್ಟೂ ಬಿಗಿಯುವ ಆ ಉರುಲು ಮುತ್ಯಾನ ಬೆರಳು ತಾಕಿದೊಡನೆ ಸಡಿಲವಾಗುತ್ತಿತ್ತು. ಅದನ್ನು ನೋಡುತ್ತ ಕೂರುವುದೇ ನನಗೊಂದು ಸುಖ.

ಜಾತಿಯ ಕಾಗದದ ಮೇಲೆ ನಾವು ಪಾರ್ಧಿಗಳು. ಊರ ಬಾಯಲ್ಲಿ ಶಿಕಾರಿಗಳು. ಮುತ್ಯಾ ಆ ಮಾತನ್ನು ರುಮಾಲಿನ ಹಾಗೆ ತಲೆಯ ಮೇಲೆ ಇಟ್ಟುಕೊಂಡಿದ್ದ. “ಏ ಶಿಕಾರಿ, ಬಾರೋ” ಎಂದು ಗೌಡ ಹೊಲದಿಂದ ಕೂಗಿದರೆ “ಬಂದೇರಿ ಗೌಡ್ರ” ಎಂದು ಎದೆ ಸೆಟೆಸಿ ಹೋಗುತ್ತಿದ್ದ. ಊರಲ್ಲಿ ಯಾರದಾದರೂ ಕೋಳಿ ಕಳೆದ ದಿನ ಮಾತ್ರ ಅದೇ ಮಾತಿಗೆ ಕಳ್ಳ ಎಂದು ಅರ್ಥ. ಶಾಲೆಯಲ್ಲಿ ಪೆನ್ಸಿಲ್ ಕಾಣೆಯಾದರೆ ಎಲ್ಲರೂ ನನ್ನ ಚೀಲದ ಕಡೆ ನೋಡುತ್ತಿದ್ದರು. ಒಮ್ಮೆ ಸಂತೆಯಲ್ಲಿ ಯಾರದೋ ಕೋಳಿಗಾಗಿ “ಶಿಕಾರಿ, ಶಿಕಾರಿ” ಎನ್ನುತ್ತಲೇ ಅಪ್ಪನನ್ನು ಹೊಡೆದರು. ಅಪ್ಪ ಕದ್ದಿರಲಿಲ್ಲ. ಮನೆಗೆ ಬಂದವನೇ, “ಇನ್ನ ಈ ಮನ್ಯಾಗ ಆ ಮಾತು ಯಾರೂ ಅನಬಾರ್ದು” ಎಂದ. ಉರುಲುಗಳನ್ನೆಲ್ಲ ಅಂಗಳದಲ್ಲಿ ಗುಡ್ಡೆ ಹಾಕಿ ಬೆಂಕಿ ಇಟ್ಟ. ಕೂದಲು ಸುಡುವ ಹೊಗೆಯಲ್ಲಿ ಮುತ್ಯಾ ಕದಲದೆ ಕೂತಿದ್ದ. “ನಾ ಸತ್ತಾಗ ಏನ್ ಬಿಚ್ತೀಲೇ?” ಎಂದಷ್ಟೇ ಕೇಳಿದ.

ನಮ್ಮ ಮನೆತನದ ಪದ್ಧತಿ ಅದು. ಮಣ್ಣು ಮಾಡುವ ಮುಂಚೆ ಸತ್ತವನ ಉರುಲನ್ನು ಮಗ ತನ್ನ ಬೆರಳಿನಿಂದ ಬಿಚ್ಚಬೇಕು, “ಶಿಕಾರಿ, ಹೋಗು” ಎಂದು ಕೂಗಿ ಕಳಿಸಬೇಕು. ಇಲ್ಲದಿದ್ದರೆ ಅವನು ಹಿಡಿದ ಹಕ್ಕಿಗಳೆಲ್ಲ ಅವನ ಕಾಲು ಬಿಡುವುದಿಲ್ಲ ಎನ್ನುತ್ತಿದ್ದರು.

ಉರುಲು ಸುಟ್ಟ ಮೇಲೆ ನಾವು ಊರು ಬಿಟ್ಟು ಜೇವರ್ಗಿಗೆ ಹೋದೆವು. ಯಾರು ಕೇಳಿದರೂ ಕೂಲಿಯವರು ಎನ್ನುತ್ತಿದ್ದೆವು. ಆ ಬಾಡಿಗೆ ಖೋಲಿಯಲ್ಲಿ ಮುತ್ಯಾ ಬಹಳ ದಿನ ಬದುಕಲಿಲ್ಲ. ಮಣ್ಣಿಗೆ ಗೊಬ್ಬೂರಕ್ಕೇ ತಂದೆವು. ಬಿಚ್ಚಲು ಉರುಲಿರಲಿಲ್ಲ. ಅಪ್ಪ ಅಂಗಡಿಯಿಂದ ನೈಲಾನ್ ಹಗ್ಗ ತಂದು ಕಟ್ಟಲು ಕೂತ. ಮುತ್ಯಾನ ಗಂಟು ಅವನಿಗೆ ಬರುತ್ತಿರಲಿಲ್ಲ. ಕೈಗೆ ಬಂದ ಹಾಗೆ ಕಟ್ಟಿದ. ಬಿಚ್ಚಲು ಹೋದರೆ ಅದು ಇನ್ನಷ್ಟು ಬಿಗಿಯಿತು. ಅಷ್ಟರಲ್ಲಿ ಗೌಡ ಬಂದ, ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡ. “ಭಾಳ ಶಾಣ್ಯಾ ಶಿಕಾರಿ ಇದ್ದ. ಅಂಥಾಂವ ಇನ್ನ ಹುಟ್ಟಂಗಿಲ್ಲ.” ಅವನು ಪ್ರೀತಿಯಿಂದಲೇ ಅಂದದ್ದು. ಅಪ್ಪನಿಗೆ ಮಾತ್ರ ಸಂತೆಯ ಏಟೇ ಕೇಳಿಸಿತು. “ನಮ್ಮಪ್ಪ ಶಿಕಾರಿ ಅಲ್ರಿ” ಎಂದುಬಿಟ್ಟ, ಹೆಣದ ಎದುರಿಗೇ. ಆಮೇಲೆ ಬ್ಲೇಡಿನಿಂದ ಗಂಟು ಕೊಯ್ದ. ಕೂಗಿ ಕಳಿಸಲಿಲ್ಲ. ನಾವ್ಯಾರೂ ಕೂಗಲಿಲ್ಲ.

ಈಗ ಅಪ್ಪನೂ ಇಲ್ಲ. ಗುಡಿಸಲಿದ್ದಲ್ಲಿ ಜಾಲಿ ಬೆಳೆದಿದೆ. ಹೋದ ವಾರ ನನ್ನ ಮಗಳು ಶಾಲೆಯಿಂದ ಬಂದು, “ಯವ್ವಾ, ಶಿಕಾರಿ ಅಂದ್ರ ಕಳ್ಳ, ಹೌದಿಲ್ಲ?” ಎಂದು ಕೇಳಿದಳು. ತನಗೆ ಸಂಬಂಧವಿಲ್ಲದ ಮಾತು ಎಂಬ ನಂಬಿಕೆಯಲ್ಲಿ, ನಗುತ್ತಲೇ ಕೇಳಿದಳು. ಅಲ್ಲ ಎನ್ನಬೇಕೆಂದರೆ ತೋರಿಸಲು ನನ್ನ ಹತ್ತಿರ ಒಂದು ಉರುಲಿಲ್ಲ, ಕಟ್ಟುವ ಕೈಯಿಲ್ಲ, ಹೌದು ಎಂದರೆ ಮುತ್ಯಾನನ್ನು ಇನ್ನೊಮ್ಮೆ ಹೂಳಿದ ಹಾಗೆ. ನೀವಾದರೆ ಏನು ಹೇಳುತ್ತಿದ್ದಿರೋ. ನನಗೆ ಬರೀ ಅಳು ಬಂತು.

ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕೂತೆ. ತೊಗರಿಯೊಳಗೆ ಕೌಜುಗ ಇನ್ನೂ ಕರೆಯುತ್ತಲೇ ಇತ್ತು. ಅದಕ್ಕೆ ಎದುರು ಕೂಗುವವರು ಈ ಊರಲ್ಲಿ ಯಾರೂ ಉಳಿದಿರಲಿಲ್ಲ.