ಆಣೆ ಇಡಿಸದ ಸಭೆ

ಎಂಬತ್ತರ ದಶಕದ ನಡುಭಾಗ. ಬೆಂಗಳೂರಿನ ಆಸ್ಪತ್ರೆಯಿಂದ ನನ್ನನ್ನು ಮನೆಗೆ ಕಳಿಸುವಾಗ ಡಾಕ್ಟರು, ಔಷಧಿಯ ಕೆಲಸ ಮುಗಿಯಿತು, ಇನ್ನು ಕುಡಿತ ಬಿಟ್ಟವರ ಜೊತೆ ವಾರಕ್ಕೊಮ್ಮೆ ಕೂತುಕೊಳ್ಳಿ, ಮಧುಗಿರಿಯಲ್ಲಿ ಅಂಥದ್ದೊಂದು ಸಭೆ ನಡೆಯುತ್ತದೆ ಎಂದರು. ನನಗೆ ನಗು ಬಂತು. ಕುಡುಕರ ನಡುವೆ ಕೂತು ಕುಡಿತ ಬಿಡುತ್ತೇನೆಂದರೆ ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದೆ ಎಂದ ಹಾಗೇ ಸರಿ, ನಂಬುವವರು ಯಾರು? ಆದರೆ ಕೊರಟಗೆರೆಯ ಕಚೇರಿಯಲ್ಲಿ ನನ್ನ ಗುಮಾಸ್ತೆ ಕೆಲಸ ಇವತ್ತೋ ನಾಳೆಯೋ ಅನ್ನುವಂತಿತ್ತು. ಹೆಂಡತಿ ತವರು ಸೇರಿದ್ದಳು. ಭಾನುವಾರ ಪ್ರೈವೇಟ್ ಬಸ್ಸು ಹತ್ತಿದೆ.

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕುಡುಕರ ಸಭೆ ಎಲ್ಲಿ ಸೇರುತ್ತದೆ ಎಂದು ಬೀಡಾ ಅಂಗಡಿಯವನನ್ನು ಕೇಳಿದೆ. ಅವನು ನನ್ನ ಮುಖ ನೋಡಿ, ಎದುರಿನ ಸಾರಾಯಿ ಅಂಗಡಿ ತೋರಿಸಿದ. ಪಕ್ಕದವನೂ ಅದನ್ನೇ ತೋರಿಸಿದ. ತಪ್ಪು ಅವರದಲ್ಲ. ಆ ಬಾಗಿಲ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಬಾಯಲ್ಲಿ ನೀರೂರುತ್ತಿತ್ತು. ನಾನು ದಾರಿ ಕೇಳಿದ್ದು ಕಿವಿಗೆ ಬಿದ್ದಿತ್ತೋ ಏನೋ, ಹೆಗಲಿಗೆ ಕಂಬಳಿ ಹಾಕಿದ್ದ ಒಬ್ಬ ಮನುಷ್ಯ ಬಂದು ನನ್ನ ತೋಳು ಹಿಡಿದ.

"ಇಲ್ಲಲ್ಲ ಸಾಮಿ, ಇಸ್ಕೂಲ್‌ತಾವ. ನಾನೂ ಅಲ್ಲಿಗೇ ಹೊಂಟಿವ್ನಿ" ಎಂದ.

ಅವನ ಮೈಯಿಂದ ಹುಣಸೆಬೀಜದ ಗಂಜಿಯ ವಾಸನೆ ಬರುತ್ತಿತ್ತು. ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಕಡೆಯವನು. ಕುರಿ ಸಾಕಿ ಕಂಬಳಿ ನೇಯುವ ಮನೆತನ, ನೇಯ್ದ ಕಂಬಳಿಗೆ ಆ ಗಂಜಿ ಬಳಿಯುತ್ತಾರೆ. ಅವತ್ತು ಅವನು ಬರದಿದ್ದರೆ ನಾನು ಅಂಗಡಿಯೊಳಗೇ ಹೋಗುತ್ತಿದ್ದೆ.

ಸಭೆ ನಡೆಸುತ್ತಿದ್ದವರು ಒಬ್ಬ ಮೇಷ್ಟರು, ತಾವೂ ಕುಡಿದು ಬಿದ್ದು ಎದ್ದವರು. ರಜೆಯ ದಿನ ಸ್ಕೂಲಿನ ಒಂದು ಕೋಣೆ ತೆಗೆಸುತ್ತಿದ್ದರು. ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂರುತ್ತಿದ್ದೆವು. ಒಬ್ಬೊಬ್ಬರೂ ಎದ್ದು, ನಾನು ಕುಡುಕ, ಇವತ್ತು ಕುಡಿದಿಲ್ಲ ಎನ್ನಬೇಕು. ಅಷ್ಟೇ. ನಾಳೆಯ ಮಾತು ಎತ್ತುವಂತಿಲ್ಲ. ನಡುವೆ ಕುಡಿದು ಬಿದ್ದವನು ಮುಂದಿನ ವಾರ ಬಂದು ಹೇಳಿಕೊಂಡರೆ ಅವನಿಗೂ ಅದೇ ಬೆಂಚು, ಅದೇ ಟೀ. ಹೆಸರುಗಳು ಆ ಕೋಣೆಯಿಂದ ಹೊರಗೆ ಬರಬಾರದು. ನಾನು ಇಲ್ಲೂ ಹೇಳುವುದಿಲ್ಲ.

ಕಂಬಳಿಯವನಿಗೆ ಇದೆಲ್ಲ ಹಿಡಿಸಿತ್ತು, ಒಂದು ಮಾತ್ರ ಸರಿಬರುತ್ತಿರಲಿಲ್ಲ. ಆಣೆ ಇಡಿಸದೆ ಇದೆಂಥ ಬಿಡೋದು ಎಂದು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಾ ಬರುತ್ತಿದ್ದ. ಅವನ ಕುಲದವರಲ್ಲಿ ಗಟ್ಟಿ ಮಾತೆಂದರೆ ಕರಿ ಕಂಬಳಿ ಹಾಸಿ, ಅದರ ಮೇಲೆ ದೇವರ ಭಂಡಾರದ ಅರಿಶಿನ ಇಟ್ಟು, ಅದನ್ನು ಮುಟ್ಟಿ ಆಡಿದ ಮಾತು. ಮಿಕ್ಕಿದ್ದೆಲ್ಲ ಗಾಳಿಮಾತು. ಹಾಗಾದರೆ ಮೇಷ್ಟರು ಸೀಮೆಸುಣ್ಣ ಮುಟ್ಟಿಸಲಿ ಬಿಡಪ್ಪ ಎಂದು ನಾನು ರೇಗಿಸಿದರೆ ನಗುತ್ತಿದ್ದ.

ಹೀಗೇ ಒಂದು ಮಳೆಗಾಲ, ಒಂದು ಚಳಿಗಾಲ ಅವನು ಕುಡಿಯದೆ ಕಳೆದ. ಮನೆಯವರಿಗೆ ಸಂತೋಷ. ಆ ಸಂತೋಷದಲ್ಲೇ ಕೆಡಿಸಿದರು. ಇಷ್ಟು ದಿನ ಬಿಟ್ಟಿದ್ದಾನೆ, ಇನ್ನು ಗಟ್ಟಿ ಮಾಡಿಬಿಡೋಣ ಎಂದು ಕುಲದ ಹಿರಿಯನಾದ ಅವನ ದೊಡ್ಡಪ್ಪ ಕಂಬಳಿ ಹಾಸಿಸಿದ. ಈ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಇವನು ಭಂಡಾರ ಮುಟ್ಟಿ ಆಣೆ ಇಟ್ಟ. ಸಭೆಗೆ ಬಂದು ಅದನ್ನು ಹೆಮ್ಮೆಯಿಂದ ಹೇಳಿದಾಗ ಮೇಷ್ಟರ ಮುಖ ಸಪ್ಪಗಾಯಿತು. ಒಂದು ದಿನ ಹೊರುವುದೇ ಕಷ್ಟವಾದವನ ತಲೆಗೆ ಜೀವಮಾನ ಹೊರಿಸಿದರಲ್ಲ ಎಂದು ಆಮೇಲೆ ನನ್ನ ಹತ್ತಿರ ಗೊಣಗಿದರು.

ಬೇಸಿಗೆಯಲ್ಲಿ ಶಿರಾ ಸಂತೆಯಲ್ಲಿ ಹಳೆಯ ಗೆಳೆಯನೊಬ್ಬ ಸಿಕ್ಕಿ ಕರೆದ, ಇವನು ಕುಡಿದುಬಿಟ್ಟ. ಒಂದೇ ಗ್ಲಾಸು. ನಮ್ಮ ಸಭೆಯ ರೀತಿಯಲ್ಲಾದರೆ ಭಾನುವಾರ ಬಂದು ಹೇಳಿಕೊಂಡರೆ ಮುಗಿಯಿತು. ಅವನು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾನೂ ಮೇಷ್ಟರೂ ಅವನ ಊರಿಗೆ ಹೋದೆವು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಹಗಲಲ್ಲೇ ಕುಡಿದು ಕೂತಿದ್ದ. ಮೇಷ್ಟರು ಕೈ ಹಿಡಿದು ಸಭೆಗೆ ಬಾ ಎಂದರು.

"ನೀವು ಕರ್ಕಂತೀರ ಸಾಮಿ. ದ್ಯಾವ್ರು ಕರ್ಕಳಲ್ಲ. ಆಣೆ ಮುರ್ದ್‌ಬುಟ್ಟೆ. ಮುಳುಗ್ದೋನ್ಗೆ ಚಳಿಯೇನು ಮಳೆಯೇನು" ಎಂದ.

ನಾನು ದೊಡ್ಡಪ್ಪನ ಮನೆಗೆ ಹೋಗಿ, ಆ ಆಣೆ ಬಿಡಿಸಿ ಎಂದು ಬೇಡಿದೆ. ಬಿಡಿಸಬಹುದು, ಗುಡಿಯಲ್ಲಿ ತಪ್ಪು ಕಾಣಿಕೆ ಕಟ್ಟಿದರೆ ದೇವರು ಒಪ್ಪುತ್ತಾನೆ ಎಂದು ಆತ ನಿಧಾನವಾಗಿ ಹೇಳಿದ. ಆದರೆ ಕುಡಿದ ಬಾಯಲ್ಲಿ ಗುಡಿ ಹತ್ತುವಂತಿಲ್ಲ, ಒಂದು ವಾರ ಮುಟ್ಟದೆ ಇದ್ದು ಬರಲಿ. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಅವನ ಕೈಲಿ ಆಗುವ ಹಾಗಿದ್ದರೆ ನಾವು ಯಾಕೆ ಇಲ್ಲಿಗೆ ಬರುತ್ತಿದ್ದೆವು ಎಂದು ಕೂಗಾಡಿದೆ. ಆತ ಕೆಟ್ಟವನಲ್ಲ, ಅದೇ ಕಷ್ಟ. ಕಟ್ಟಳೆ ಬದಲಿಸೋಕೆ ನಾನ್ಯಾರು ಎಂದು ಕಣ್ಣು ಒರೆಸಿಕೊಂಡ.

ಆಮೇಲೂ ಹೋದೆವು. ಅವನು ಒಂದೆರಡು ದಿನ ತಡೆಯುತ್ತಿದ್ದ, ನಡುಕ ಹತ್ತುತ್ತಿತ್ತು, ಮತ್ತೆ ಕುಡಿಯುತ್ತಿದ್ದ. ದೀಪಾವಳಿಗೆ ಮೊದಲೇ ರಕ್ತ ಕಾರಿ ಸತ್ತ.

ತಿಥಿಗೆ ಹೋಗಿದ್ದೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು ಅವರ ಪದ್ಧತಿ. ಮುದ್ದೆ, ಬಾಡಿನ ಸಾರು, ಬೀಡಿ ಇಟ್ಟಾಗಿತ್ತು. ದೊಡ್ಡಪ್ಪ ಒಳಗಿನಿಂದ ಸಾರಾಯಿ ತಂದು ಲೋಟಕ್ಕೆ ಬಗ್ಗಿಸಿದ. ಸತ್ತವನ ಹೆಂಡತಿ, ಆಣೆ ಇತ್ತಲ್ಲ ಮಾವ ಎಂದಳು.

"ನಾನೇ ಇಡ್ಸಿದ್ದು, ನಾನೇ ಬುಟ್ಟಿವ್ನಿ ಕಣಮ್ಮ. ಕುಡ್ಕಳ್ಲಿ ಬುಡು" ಎಂದು ಆತ ಬಿಕ್ಕಿದ.

ಕಾಣಿಕೆ ಕಟ್ಟಲಿಲ್ಲ, ಗುಡಿ ಹತ್ತಲಿಲ್ಲ, ಬರೀ ಬಾಯಿಮಾತಲ್ಲೇ ಬಿಟ್ಟುಕೊಟ್ಟ. ನಾನು ಊಟಕ್ಕೆ ಕೂರಲಾಗದೆ ಎದ್ದು ಬಂದೆ.