ಪ್ಯಾನೆಲ್ ಮೇಲಿನ ವಿಭೂತಿ

ಬಂಗಾರಪೇಟೆ ಪಕ್ಕದ ಹಳ್ಳಿಯ ಹಾಲಿನ ಡೈರಿಗೆ ಸೋಲಾರ್ ಹಾಕಿಕೊಟ್ಟವನು ನಾನೇ. ಆಯುಧಪೂಜೆಯ ಮಾರನೆಯ ದಿನ ಡೈರಿ ನೋಡಿಕೊಳ್ಳುವ ಮುನಿಯಮ್ಮನವರ ಫೋನು ಬಂತು.

"ಸಾಮಿ, ಬಿಸ್ಲು ಸುಡ್ತಾ ಐತೆ, ಆದ್ರೂ ಆಲು ತಣ್ಣಗ್ ಮಾಡೋ ಮಿಷಿನ್ನು ಓಡ್ತಿಲ್ಲ. ಊರಿನ ಆಲೆಲ್ಲಾ ಒಡ್ದೋಯ್ತದೆ, ಬಿರ್‍ನೆ ಬನ್ನಿ."

ಮಾಳಿಗೆ ಹತ್ತಿ ನೋಡಿದರೆ, ಪ್ರತಿ ಪ್ಯಾನೆಲ್ ಮೇಲೂ ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ವಿಭೂತಿ, ನಡುವೆ ಅಂಗೈಯಗಲ ಕುಂಕುಮ, ಅಡ್ಡಲಾಗಿ ಚೆಂಡುಹೂವಿನ ಹಾರ. ಕೈ ಮುಗಿಯಬೇಕೆನಿಸಿತು. ಆದರೆ ಒಂದು ಪ್ಯಾನೆಲ್ಲಿಗೆ ಬಿಸಿಲು ಮರೆಯಾದರೂ ಸಾಲಿನಲ್ಲಿರುವ ಉಳಿದವು ಸೊರಗುತ್ತವೆ. ಇಲ್ಲಿ ಎಲ್ಲಕ್ಕೂ ಮರೆ.

"ಒರೆಸಬೇಕಮ್ಮಾ" ಎಂದು ಹಿಂದೆಯೇ ಹತ್ತಿ ಬಂದ ಮುನಿಯಮ್ಮನವರಿಗೆ ಹೇಳಿ ಬಟ್ಟೆ ತೆಗೆದೆ.

"ನಿಮ್ ಅಣೇಲೂ ಅದೇ ಐತಲ್ಲ ಸಾಮಿ? ಮೊದ್ಲು ಅದನ್ನ ವರಸ್ಕಳಿ, ಆಮೇಲೆ ನಮ್ದು ವರಸೀರಂತೆ."

ಬಟ್ಟೆಯನ್ನು ಕೆಳಗಿಟ್ಟೆ. ಭಗವಂತನೇ ಬಾಯಿಗೆ ಮಾತು ತಂದುಕೊಟ್ಟ.

"ಅಮ್ಮಾ, ಇದು ಸೂರ್ಯನಾರಾಯಣ ಒಳಗೆ ಬರೋ ಬಾಗಿಲು. ಮನೆಬಾಗಿಲಿಗೆ ಹೂವು, ಕುಂಕುಮ ಎಲ್ಲಿಡ್ತೀರಿ? ಚೌಕಟ್ಟಿಗೆ ತಾನೇ? ಬರೋ ದಾರಿಗೇ ಅಡ್ಡ ಕಟ್ತೀರಾ?"

ಅವರು ಹಾರಗಳನ್ನು ತಾವೇ ಬಿಚ್ಚಿ, ಪ್ಯಾನೆಲ್ ಹೊತ್ತ ಕಂಬಿಗಳಿಗೆ ಕಟ್ಟಿದರು. ಒದ್ದೆ ಬಟ್ಟೆಯಿಂದ ಗಾಜನ್ನೂ ತಾವೇ ಒರೆಸಿದರು. ಕೆಳಗೆ ಮಿಷಿನ್ನು ಗುರ್ರೆಂದಿತು.

"ಇದನ್ನ ಯಾವಾಗ್ಯಾವಾಗ ತೊಳೀಬೇಕು?"

"ವಾರಕ್ಕೊಮ್ಮೆ, ಬೆಳಗಿನ ತಂಪಲ್ಲಿ. ಧೂಳು ಕೂರದಿದ್ರೆ ಸಾಕು."

"ಅದೇನ್ ಸಾಮಿ, ದೇವ್ರು ಬರೋ ಬಾಗ್ಲಿಗೆ ವಾರಕ್ಕೊಂದೇ ದಪ ನೀರಾ?"

ಈಗ ಅಲ್ಲಿ ದಿನಾ ತೊಳೆಯುತ್ತಾರೆ. ಬೇಡವೆನ್ನಲು ನಾನು ಹೋಗಿಲ್ಲ. ಪೇಟೆಯ ದೊಡ್ಡ ಕಟ್ಟಡಗಳ ಮೇಲೆ ನಾನು ಹಾಕಿದ ಪ್ಯಾನೆಲ್‌ಗಳು ಇಷ್ಟು ಹೊಳೆಯುವುದಿಲ್ಲ. ಪಾಪ, ಅಲ್ಲಿನವರು ಅವನ್ನು ಬರೀ ಯಂತ್ರ ಅಂದುಕೊಂಡಿದ್ದಾರೆ.