ಎದುರಾಳಿ ಚೆಂಡು ಒದೆಯುವಾಗ

ಕೆನಡಾದ ಪೋರ್ಟ್ ಕ್ರೆಡಿಟ್‌ನ ಈ ಪಬ್ ಶನಿವಾರ ಬೆಳಿಗ್ಗೆ ಹತ್ತಕ್ಕೇ ತುಂಬಿತ್ತು. ಇಂಗ್ಲೆಂಡಿನ ರಗ್ಬಿ ಕ್ಲಬ್‌ಗಳ ಕಪ್ ಪಂದ್ಯ ಟೀವಿಯಲ್ಲಿ ನೇರವಾಗಿ ಬರುತ್ತಿತ್ತು. ಅಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ. ನನ್ನನ್ನು ಕರೆದೊಯ್ದವರು ಅಕ್ಕನ ಗಂಡ, ಇಲ್ಲೇ ನೆಲೆಸಿದ್ದ ಮೈಸೂರಿನ ಎಂಜಿನಿಯರ್. ನಮ್ಮ ಜೊತೆ ಬಂದಿದ್ದ, ಅವರ ನೆರೆಮನೆಯ ವೃದ್ಧರಾದ ಡೆರೆಕ್ ಅವರ ಇಂಗ್ಲೆಂಡಿನ ಹುಟ್ಟೂರಿನ ತಂಡ ಈ ಸಲ ಸೆಮಿಫೈನಲ್ ತಲುಪಿತ್ತು. ಸೋತ ತಂಡ ಅಂದೇ ಹೊರಬೀಳುವ ಸ್ಪರ್ಧೆಯಿದು.

ನಿಯಮಗಳನ್ನು ಮೊದಲೇ ಓದಿಕೊಂಡು ಹೋಗಿದ್ದರಿಂದ ನನಗೆ ಆಟ ಅರ್ಥವಾಯಿತು. ಕೊನೆಯ ನಿಮಿಷದಲ್ಲಿ ಡೆರೆಕ್ ಅವರ ತಂಡ ಎರಡು ಅಂಕ ಮುಂದಿದ್ದಾಗ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಒದೆದ ಚೆಂಡು ಕಂಬಗಳ ನಡುವೆ ಹೋದರೆ ಮೂರು ಅಂಕ.

ಭಾವ ಮೇಜು ಬಡಿದು ಕೂಗಿದರು: “ಮಿಸ್ ಮಾಡೋ ಗುರೂ! ಕಾಲು ಜಾರ್ಲಿ!”

ಬೇರಾರೂ ಉಸಿರೆತ್ತಲಿಲ್ಲ. ಎರಡೂ ತಂಡಗಳ ಅಭಿಮಾನಿಗಳು ಗ್ಲಾಸು ಕೆಳಗಿಟ್ಟು ಸುಮ್ಮನೆ ಕುಳಿತಿದ್ದರು. ಡೆರೆಕ್ ತುಟಿಯ ಮೇಲೆ ಬೆರಳಿಟ್ಟು, “ಷ್! ಅವನು ಒದೆಯುತ್ತಿದ್ದಾನೆ” ಎಂದು ಇಂಗ್ಲಿಷಿನಲ್ಲಿ ಗದರಿದರು.

“ಟೀವಿ ಕಣೋ ಇದು! ಅವನಿಗೆಲ್ಲಿ ಕೇಳ್ಸತ್ತೆ?” ಭಾವ ನನ್ನ ಕಿವಿಯಲ್ಲಿ ಅಂದರು.

“ಸುಮ್ನಿರಿ ಭಾವ, ಎಲ್ರೂ ನಮ್ಮನ್ನೇ ನೋಡ್ತಿದಾರೆ” ಎಂದೆ.

ಒದೆಯುವವನು ಯಾವ ತಂಡದವನೇ ಆಗಿರಲಿ, ಆ ಹೊತ್ತಿನಲ್ಲಿ ಸದ್ದು ಮಾಡಬಾರದೆಂಬ ವಾಡಿಕೆ ನಾನು ಓದಿದ್ದರಲ್ಲಿ ಎಲ್ಲೂ ಇರಲಿಲ್ಲ. ಸಾಗರದಾಚೆಯ ಆಟಗಾರನಿಗಾಗಿ ಇಡೀ ಪಬ್ಬು ಅದನ್ನು ಪಾಲಿಸುತ್ತಿತ್ತು.

ಚೆಂಡು ಕಂಬಗಳ ನಡುವೆ ನೇರವಾಗಿ ಹೋಯಿತು. ಡೆರೆಕ್ ಅವರ ತಂಡದ ಕಪ್ ಪಯಣ ಅಲ್ಲಿಗೆ ಮುಗಿಯಿತು. ಅವರು ಮೆಲ್ಲನೆ ಚಪ್ಪಾಳೆ ತಟ್ಟಿ, ಕನ್ನಡಕ ತೆಗೆದು ಒರೆಸಿಕೊಂಡರು. ಬಳಿಕ ಭಾವನ ಕಡೆ ತಿರುಗಿ, “ಈಗ ಎಷ್ಟು ಬೇಕಾದರೂ ಕೂಗು” ಎಂದರು.